ಬೆಸದವರು ಸೋಮವಾರ, ಸರಿಯವರು ಮಂಗಳವಾರ

'ಸರಿ' ಎಂಬ ಮಾತಿನ ಮೇಲೆ ನನ್ನದೊಂದು ತಕರಾರಿದೆ. ತಕರಾರು ತೆಗೆಯುವ ಹಕ್ಕು ನನಗಿಲ್ಲ, ಏಕೆಂದರೆ ಆ ಮಾತನ್ನು ನನ್ನಷ್ಟು ಸವೆಸಿದವರು ಆಳಂದ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ನಾನು ಗಣಿತದ ಮಾಸ್ತರ. ಲೆಕ್ಕ ಬಿಡಿಸಿ ಮುಗಿಸಿದರೆ 'ಸರಿ', ಗಂಟೆ ಹೊಡೆದರೆ 'ಸರಿ', ಯಾರಾದರೂ ಬೈದರೆ ಅದಕ್ಕೂ 'ಸರಿ'. ಹುಡುಗರು ಬೆನ್ನ ಹಿಂದೆ ನನ್ನನ್ನು 'ಸರಿ ಸರ' ಎಂದು ಕರೆಯುತ್ತಾರೆ. ಮನೆಯಲ್ಲಿ ಹೆಂಡತಿಯೂ ಒಮ್ಮೊಮ್ಮೆ ಹಾಗೇ ಕರೆಯುತ್ತಾಳೆ, ಅವಳ ದನಿಯಲ್ಲಿ ಗೌರವ ಸ್ವಲ್ಪ ಕಡಿಮೆ. ಆದರೆ ಕೊರೊನಾ ಕಾಲದಲ್ಲಿ ಶಾಲೆಯನ್ನು ಅರ್ಧ ತೆರೆದೆವಲ್ಲ, ಅಂದಿನಿಂದ ಆ ಮಾತು ಮೊದಲಿನ ಹಾಗೆ ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಬಾಗಿಲನ್ನು ಅರ್ಧ ತೆರೆಯಬಹುದು, ಕಿಟಕಿಯನ್ನೂ ತೆರೆಯಬಹುದು. ಶಾಲೆಯನ್ನು ಅರ್ಧ ತೆರೆಯುವುದು ಹೇಗೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಅಲೆ ಇಳಿದ ಮೇಲೆ ಮಕ್ಕಳನ್ನು ಕರೆಯಿರಿ ಎಂದರು, ಎಲ್ಲರನ್ನೂ ಒಮ್ಮೆಲೇ ಬೇಡ ಎಂದೂ ಅಂದರು. ಉಳಿದದ್ದು ನಮ್ಮ ತಲೆಗೆ ಬಿಟ್ಟದ್ದು. ನಾನು ನೌಕರಿ ಶುರುಮಾಡಿದ್ದು ಜೇವರ್ಗಿ ಕಡೆಯ ಒಂದು ಊರಿನಲ್ಲಿ. ಅಲ್ಲಿನ ಗೆಳೆಯ ಫೋನು ಮಾಡಿ, ತಾವು ಬೆಳಿಗ್ಗೆಗೆ ಒಂದು ಪಾಳಿ, ಮಧ್ಯಾಹ್ನಕ್ಕೆ ಒಂದು ಪಾಳಿ ಮಾಡಿದ್ದಾಗಿಯೂ, ಮಧ್ಯಾಹ್ನದವರೆಲ್ಲ ಊಟ ಮಾಡಿ ಬಂದು ಮಾಸ್ಕಿನೊಳಗೇ ನಿದ್ದೆ ಹೊಡೆಯುತ್ತಿರುವುದಾಗಿಯೂ ಹೇಳಿದ. ಅಫಜಲಪುರದ ಕಡೆ, ಸೊನ್ನದ ಬ್ಯಾರೇಜಿನ ಆಚೆ ಇರುವ ಇನ್ನೊಬ್ಬ ಗೆಳೆಯನ ಶಾಲೆಯಲ್ಲಿ ಒಂದು ದಿನ ಹುಡುಗರು, ಒಂದು ದಿನ ಹುಡುಗಿಯರು. "ಹುಡುಗ್ಯಾರ ದಿನ ನಾ ಪಾಠ ಮಾಡ್ತೇನಿ, ಹುಡುಗರ ದಿನ ಬರೇ ಪೊಲೀಸ್ ಕೆಲಸ ಮಾಡಾಕತ್ತೇನಿ" ಎಂದು ಅವನ ದುಃಖ. ನಮ್ಮ ಹೆಡ್ ಮೇಡಂ ಮಾತ್ರ ಹಾಜರಿ ನಂಬರಿನ ಮೇಲೆ ಭಾಗ ಮಾಡಿರಿ ಎಂದು ಅಪ್ಪಣೆ ಕೊಟ್ಟರು. ಬೆಸ ನಂಬರಿನವರು ಸೋಮವಾರ, ಬುಧವಾರ, ಶುಕ್ರವಾರ. ಸಮ ನಂಬರಿನವರು ಉಳಿದ ಮೂರು ದಿನ. ಗಣಿತದ ಮಾಸ್ತರನಿಗೆ ಇದಕ್ಕಿಂತ ಚೆಂದದ ವ್ಯವಸ್ಥೆ ಉಂಟೇ? ನಾನು ಉಬ್ಬಿಹೋದೆ.

ಉಬ್ಬಿದ್ದು ಎರಡೇ ದಿನ. ನಮ್ಮ ಕಡೆ ಆಟದ ಭಾಷೆಯಲ್ಲಿ ಸಮಕ್ಕೆ ಸರಿ ಎನ್ನುತ್ತಾರೆ. ಹುಣಸೆ ಬೀಜವನ್ನು ಮುಷ್ಟಿಯಲ್ಲಿ ಹಿಡಿದು "ಸರಿನೋ ಬೆಸನೋ" ಎಂದು ಕೇಳುವ ಆಟ ಯಾರು ಆಡಿಲ್ಲ ಹೇಳಿ. ನಾನೂ ಅಭ್ಯಾಸಬಲದಿಂದ ಮಕ್ಕಳಿಗೆ "ಸರಿಯವರು", "ಬೆಸದವರು" ಎಂದೇ ಹೇಳಿಬಿಟ್ಟೆ. ಮಾರನೆಯ ದಿನ ಒಬ್ಬ ತಂದೆ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ಗೇಟಿನಾಚೆ ಬಂದು ನಿಂತ.

"ಸರ, ನಮ್ಮ ಹುಡುಗ ಏನ್ ತಪ್ಪ ಮಾಡ್ಯಾನ್ರಿ? ಅವನ್ನ ಯಾಕ ಸರಿಯೊಳಗ ಹಾಕಿಲ್ಲ?"

ನಾನು ಸಂಖ್ಯಾಶಾಸ್ತ್ರವನ್ನೆಲ್ಲ ಬಿಡಿಸಿ ಹೇಳಿದೆ. ಆತ ಸಮಾಧಾನದಿಂದ ಕೇಳಿ, "ಅದೆಲ್ಲಾ ಖರೇ ಅದರಿ, ಆದ್ರೂ ಸರಿಯೊಳಗ ಹಾಕ್ರಲ್ಲ" ಎಂದ. ಬೆಸ ಎಂಬುದು 'ವಿಷಮ'ದಿಂದ ಬಂದದ್ದಿರಬಹುದು ಎಂದು ಬಲ್ಲವರು ಹೇಳುತ್ತಾರೆ. ಹಾಗಿದ್ದರೆ ಆ ತಂದೆಯ ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಅದೇ ಬೆಸದ ಪಕ್ಕದಲ್ಲೇ ಬೆಸುಗೆ ಎಂಬ ಮಾತೂ ಕೂತಿದೆ. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ, ಕಿವಿಗಂತೂ ಅಕ್ಕತಂಗಿಯರಂತೆ ಕೇಳುತ್ತವೆ. ನನ್ನ ಅವ್ವ ಉಡಿ ತುಂಬುವಾಗ ಉತ್ತತ್ತಿಯನ್ನು ಐದೇ ಹಾಕುತ್ತಿದ್ದಳು, ನಾಲ್ಕು ಎಂದೂ ಇಲ್ಲ. ಯಾಕೆ ಎಂದರೆ, "ಬೆಸ ಇದ್ರ ಸಮಾ ಪಾಲ ಮಾಡಾಕ ಬರೂದಿಲ್ಲೋ, ಒಂದರ ಉಳೀತದ" ಎನ್ನುತ್ತಿದ್ದಳು. ಅವ್ವ ಶಾಲೆಯ ಮುಖ ನೋಡಿದವಳಲ್ಲ, ಆಕೆಯ ಶೇಷದ ಲೆಕ್ಕ ನನಗೆ ತಿಳಿಯಲು ಈ ವಯಸ್ಸು ಬೇಕಾಯಿತು.

ಈಗ ಆ ಇಬ್ಬರು ಹುಡುಗಿಯರ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಸುತ್ತಿ ಬಂದದ್ದು ಅಲ್ಲಿಗೆ ಬರಲು ಮನಸ್ಸಿಲ್ಲದೆ.

ಎಂಟನೆಯ ತರಗತಿಯ ಹಾಜರಿಯಲ್ಲಿ ನೀಲಮ್ಮನ ನಂಬರು ಹದಿನೇಳು, ನೂರಜಹಾನಳದು ಹದಿನೆಂಟು. ಅಕ್ಷರಮಾಲೆಯಲ್ಲಿ 'ನೀ' ಆದ ಮೇಲೆ 'ನು', ಆಮೇಲೆ 'ನೂ'. ನಮ್ಮ ತರಗತಿಯಲ್ಲಿ 'ನು' ಅಕ್ಷರದವರು ಯಾರೂ ಇರಲಿಲ್ಲವಾಗಿ ಇವರಿಬ್ಬರೂ ಪಕ್ಕಪಕ್ಕ ಬಂದರು, ಹಾಜರಿಯಲ್ಲಿ ಪಕ್ಕ ಬಂದವರು ಕೆಳಗಿನ ತರಗತಿಯಿಂದಲೇ ಬೆಂಚಿನಲ್ಲೂ ಪಕ್ಕ ಕೂತವರು. ನೀಲಮ್ಮ ಶಾಲೆಯಿರುವ ಊರಿನವಳು. ನೂರಜಹಾನ್ ಸರಸಂಬಾ ರಸ್ತೆಯ ಕಡೆಯ ಇನ್ನೊಂದು ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಶಾಲೆ ಬಿಟ್ಟರೆ ಅವರಿಗೆ ಭೇಟಿಯಾಗುವ ಬೇರೆ ಜಾಗವಿರಲಿಲ್ಲ. ಶಾಲೆ ಮುಚ್ಚಿದ ಅಷ್ಟೂ ಕಾಲ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ತೆರೆದ ಮೇಲೂ ನೋಡಲಿಲ್ಲ. ಹದಿನೇಳು ಬೆಸ, ಹದಿನೆಂಟು ಸರಿ. ನೀವೇ ಯೋಚಿಸಿ ನೋಡಿ, ಪಕ್ಕಪಕ್ಕದ ನಂಬರುಗಳು ಒಂದೇ ದಿನ ಬರಲು ಸಾಧ್ಯವೇ ಇಲ್ಲ. ಹತ್ತಿರದವರನ್ನೇ ಹುಡುಕಿ ಹುಡುಕಿ ದೂರ ಮಾಡುವ ವ್ಯವಸ್ಥೆ ನಮ್ಮದಾಗಿತ್ತು.

ಬೆಂಚಿಗೆ ಒಬ್ಬರೇ ಕೂರಬೇಕು ಎಂಬುದು ನಿಯಮ. ಇಡೀ ಬೆಂಚು ಖಾಲಿಯಿದ್ದರೂ ನೀಲಮ್ಮ ಗೋಡೆಯ ಕಡೆ ಒತ್ತಿಕೊಂಡೇ ಕೂಡುತ್ತಿದ್ದಳು, ಮಾರನೆಯ ದಿನ ನೂರಜಹಾನ್ ಈಚೆಯ ತುದಿಗೆ. "ನಡಕ ಕೂಡವಾ, ಬೋರ್ಡ್ ಚಲೋ ಕಾಣಸ್ತದ" ಎಂದರೆ, "ಇರ್ಲಿ ಬಿಡ್ರಿ ಸರ, ರೂಢಿ ಆಗೇದ" ಎಂದು ಇಬ್ಬರದೂ ಒಂದೇ ಉತ್ತರ.

ಒಂದು ದಿನ ನೂರಜಹಾನ್ ಬೆಂಚಿನ ಕೆಳಗಿನ ಹಲಗೆಯ ಮೇಲೆ ಒಂದು ಸಣ್ಣ ಗಂಟು ಇಟ್ಟು ಹೋದಳು. ಹಳೆಯ ಬಟ್ಟೆ ಮಾಸ್ಕಿನಲ್ಲಿ ಹುಣಸೆ ಬೀಜ ಕಟ್ಟಿ ಅದರ ದಾರದಿಂದಲೇ ಬಿಗಿದಿದ್ದಳು. ಮಾರನೆಯ ದಿನ ನೀಲಮ್ಮ ಅದನ್ನು ಕೈಯಲ್ಲಿ ಹಿಡಿದು ನನ್ನ ಮೇಜಿಗೆ ಬಂದು, "ಸರ, ಸಾಕ್ಷಿ ಆಗ್ರಿ. ಬೆಸ" ಎಂದಳು. ಬಿಚ್ಚಿ ಎಣಿಸಿದೆವು. ಬೆಸವೇ. ಬೀಜ ಅವಳ ಪಾಲಾಯಿತು. ಸಂಜೆ ಅವಳೊಂದು ಗಂಟು ಕಟ್ಟಿಟ್ಟು ಹೋದಳು. ಹೀಗೆ ಒಬ್ಬರು ಕಟ್ಟಿದ್ದನ್ನು ಒಬ್ಬರು ಬಿಚ್ಚುವ ಆಟ ಶುರುವಾಯಿತು. ಇಬ್ಬರ ದಿನವೂ ಆ ತರಗತಿಯಲ್ಲಿ ಇರುವವನು ನಾನೊಬ್ಬನೇ ಆದ್ದರಿಂದ ಪಂಚನ ಪದವಿ ನನಗೆ ಸಿಕ್ಕಿತು. ಮಕ್ಕಳು ವಸ್ತು ಅದಲುಬದಲು ಮಾಡಬಾರದು ಎಂದು ಮೇಡಂ ಗುಡುಗುತ್ತಿದ್ದರು. ಅದಕ್ಕೆ ನಾವು ಬೀಜಗಳಿಗೆ ಶಾಲೆಯ ಸ್ಯಾನಿಟೈಸರ್ ಹಾಕಿ ತೊಳೆದೆವು. ಆ ಬಾಟಲಿಯಿಂದ ಹುಣಸೆ ಬೀಜ ತೊಳೆದ ಶಾಲೆ ಇನ್ನೊಂದಿದ್ದರೆ ನನಗೆ ತಿಳಿಸಿ.

ಆ ಬೀಜಗಳ ಮೂಲ ನನಗೆ ಆಮೇಲೆ ತಿಳಿಯಿತು. ನೂರಜಹಾನಳ ಅಪ್ಪ ಗೋಡೆ ಕಟ್ಟುವ ಗೌಂಡಿ, ಅವ್ವ ಅವನ ಜೊತೆಯಲ್ಲೇ ಪುಣೆಯಲ್ಲಿ ದುಡಿಯುತ್ತಿದ್ದಳು. ಹುಡುಗಿ ಊರಿನಲ್ಲಿ ದಾದಿಯ ಹತ್ತಿರ, ಎಂದರೆ ಅಪ್ಪನ ತಾಯಿಯ ಹತ್ತಿರ ಇದ್ದು ಓದುತ್ತಿದ್ದಳು. ಆ ಬೇಸಿಗೆಯಲ್ಲಿ ದಾದಿ ಅಂಗಳದ ಹುಣಸೆ ಹಣ್ಣು ಬಡಿದು, ಬೀಜ ಬೇರೆ ಮಾಡಿ ಡಬ್ಬಿಗೆ ತುಂಬಿಟ್ಟಿದ್ದಳು. ಅದಾಗಿ ಸ್ವಲ್ಪ ದಿನಕ್ಕೆ ರೋಗ ದಾದಿಯನ್ನು ಒಯ್ದಿತು. ಪುಣೆಯಲ್ಲಿ ಕೆಲಸ ನಿಂತು ಅಪ್ಪ ಅವ್ವ ಆಗ ಊರಿಗೆ ತಿರುಗಿ ಬಂದಿದ್ದರು. "ದಾದಿ ಇದ್ದಿದ್ರ ಇವನ್ನ ಹುರದು ತಿಂತಿದ್ಳು ಸರ" ಎಂದು ನೂರಜಹಾನ್ ಒಂದು ಬೀಜವನ್ನು ಬೆರಳಿನಲ್ಲಿ ತಿರುಗಿಸುತ್ತ ಹೇಳಿದ್ದು ನೆನಪಿದೆ. ಮಾಸ್ಕ್ ಹಾಕಿದ ಮಕ್ಕಳ ದುಃಖ ಕಣ್ಣಿನಲ್ಲಷ್ಟೇ ಕಾಣುತ್ತಿತ್ತು. ನಾನು 'ಸರಿ' ಎಂದೆ.

ಅಷ್ಟರಲ್ಲಿ ಹೆಡ್ ಮೇಡಂ ಒಂದು ಸಡಿಲಿಕೆ ಕೊಟ್ಟರು. ಯಾರಿಗಾದರೂ ತಮ್ಮ ದಿನ ಬಿಟ್ಟು ಇನ್ನೊಂದು ದಿನ ಬರಬೇಕಿದ್ದರೆ ಆ ದಿನದವರೊಬ್ಬರ ಜೊತೆ ಪಾಳಿ ಬದಲು ಮಾಡಿಕೊಳ್ಳಬಹುದು. ಒಬ್ಬರು ಬಂದರೆ ಒಬ್ಬರು ಬಿಡಬೇಕು, ತಲೆ ಹೆಚ್ಚಾಗಬಾರದು, ಬೆಳಿಗ್ಗೆ ಗೇಟಿನಲ್ಲಿ ಹೇಳಿದರೆ ಸಾಕು. ಎಂಥ ಒಳ್ಳೆಯ ನಿಯಮ! ನಾನು ಮತ್ತೆ ಉಬ್ಬಿಹೋದೆ.

ಒಂದು ಸೋಮವಾರ ತರಗತಿಗೆ ಕಾಲಿಟ್ಟರೆ ಆ ಬೆಂಚಿನ ಈಚೆಯ ತುದಿಗೆ ನೂರಜಹಾನ್ ಕೂತಿದ್ದಾಳೆ! ಬೆಸದವರ ದಿನ, ಸರಿಯ ಹುಡುಗಿ. ತಮ್ಮೂರಿನಿಂದ ಬಸ್ಸಿಗೆ ಬರುವ ಒಬ್ಬಳ ಜೊತೆ ಪಾಳಿ ಬದಲು ಮಾಡಿಕೊಂಡು ಬಂದಿದ್ದಳು. ಕಣ್ಣು ಬಾಗಿಲಲ್ಲೇ ಇತ್ತು. ನನಗೂ ಖುಷಿಯಾಗಿ, ನೀಲಮ್ಮ ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಹಾಜರಿ ಕೂಗುವುದನ್ನು ಬೇಕಂತಲೇ ತಡ ಮಾಡಿದೆ. ಬಾಗಿಲಲ್ಲಿ ಬಂದವಳು ನೀಲಮ್ಮನ ಓಣಿಯ ಇನ್ನೊಬ್ಬ ಹುಡುಗಿ.

"ನೀಲಿ ಬದಲಿ ನಾ ಬಂದೀನ್ರಿ ಸರ. ಆಕಿ ನಾಳಿ ಬರ್ತಾಳ, ನೂರಿನ್ನ ನೋಡಾಕ. ಯಾರಿಗೂ ಹೇಳಬ್ಯಾಡ ಅಂದಾಳ" ಎಂದು ಆ ಹುಡುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು.

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನೂರಜಹಾನ್ ಕೂಡ ಮೊದಲು ನಕ್ಕಳು, ಕಣ್ಣಿನಲ್ಲಿ ಗೊತ್ತಾಯಿತು. ಆಮೇಲೆ ಎದ್ದು ನಿಂತಳು.

"ನಾಳಿ ನಾವ್ ಇರೂದಿಲ್ರಿ ಸರ."

ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಫೋನು ಮಾಡಿದ್ದನಂತೆ. ಪುಣೆಯಲ್ಲಿ ಕಟ್ಟಡದ ಕೆಲಸ ಮತ್ತೆ ಶುರುವಾಗಿದೆ, ಮಂಗಳವಾರ ನಸುಕಿನಲ್ಲೇ ಹೊರಡಬೇಕು. ಹುಡುಗಿಯನ್ನು ಬಿಟ್ಟುಹೋಗಲು ಈಗ ದಾದಿ ಇಲ್ಲ. ಈ ಸುದ್ದಿಯನ್ನು ನೀಲಮ್ಮನಿಗೆ ತಾನೇ ಎದುರು ಕೂತು ಹೇಳಬೇಕೆಂದು ಯಾರಿಗೂ ಹೇಳದೆ ಬಂದಿದ್ದಳು.

ಪಾಠವನ್ನು ಅಷ್ಟಕ್ಕೇ ಬಿಟ್ಟು ನಾನು ಸ್ಕೂಟರ್ ಹತ್ತಿ ನೀಲಮ್ಮನ ಮನೆಗೆ ಓಡಿದೆ. ಬಾಗಿಲಿಗೆ ಬೀಗ, ಆ ಮನೆಯಲ್ಲಿ ಫೋನೂ ಇಲ್ಲ. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಮುದುಕಿ, "ತಾಯಿ ಮಗಳು ಹೆಸರಕಾಯಿ ಬಿಡಸಾಕ ಹ್ವಾಗ್ಯಾರ್ರಿ ಮಾಸ್ತರ. ಯಾರ ಹೊಲಕ್ಕಂತ ಹೇಳಿಲ್ಲ" ಎಂದಳು. ನನಗೆ ಗೊತ್ತಿದ್ದ ಹೊಲಗಳಿಗೆಲ್ಲ ಹೋಗಿ, ಬದುವಿನ ಮೇಲೆ ನಿಂತು ಹುಚ್ಚನಂತೆ "ನೀಲಮ್ಮಾ" ಎಂದು ಕೂಗಿದೆ. ತಲೆಗೆ ಸೆರಗು ಹೊದ್ದು ಬಗ್ಗಿದ್ದ ಹೆಂಗಸರೆಲ್ಲ ಎದ್ದು ನೋಡಿದರು, ಅವರಲ್ಲಿ ಅವಳಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ಶಾಲೆ ಬಿಟ್ಟಿತ್ತು. ನೂರಜಹಾನ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನ್ನ ಸ್ಕೂಟರಿನ ಹಿಂದಿನ ಸೀಟು ನೋಡಿದಳು. ಅದು ಖಾಲಿ ಇತ್ತು. "ಗಂಟ ಇಟ್ಟೇನ್ರಿ ಸರ" ಎಂದಷ್ಟೇ ಹೇಳಿ ಒಳಗೆ ಹೋದಳು.

ಸಂಜೆ ಮತ್ತೆ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೋದೆ. ಆಗಲೂ ಬೀಗವಿತ್ತು. ಕಾಯಿ ಬಿಡಿಸಿ ಹಾಗೇ ಅಜ್ಜಿಯ ಮನೆಗೆ ಹೋದವರು ಬೆಳಿಗ್ಗೆಯೇ ಬಂದರಂತೆ.

ಮಂಗಳವಾರ ನೀಲಮ್ಮ ಹೊಸ ರಿಬ್ಬನ್ನು ಕಟ್ಟಿ ಎರಡು ಜಡೆ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಗೋಡೆಯ ಕಡೆ ಕೂತಿದ್ದಳು. ಹೇಳುವ ಪಾಳಿ ನನಗೆ ಬಂತು. ಹೇಗೋ ಹೇಳಿದೆ. ಅವಳು ಅಳಲಿಲ್ಲ. ಗಂಟನ್ನು ಕೈಗೆ ತಗೊಂಡು ಬಹಳ ಹೊತ್ತು ನೋಡಿದಳು.

"ಇಬ್ರೂ ಬದಲಿ ಮಾಡಿದ್ವಿ ಸರ. ಒಬ್ರ ಮಾಡಿದ್ರ ಸಾಕಿತ್ತು."

ಬೆಸಕ್ಕೆ ಒಂದು ಕೂಡಿಸಿದರೆ ಸರಿ, ಸರಿಗೆ ಒಂದು ಕೂಡಿಸಿದರೆ ಬೆಸ, ಎರಡಕ್ಕೂ ಕೂಡಿಸಿದರೆ ನಡುವಿನ ಅಂತರ ಹಾಗೇ ಉಳಿಯುತ್ತದೆ. ಇದನ್ನು ನಾನು ವರ್ಷವರ್ಷವೂ ಹಲಗೆಯ ಮೇಲೆ ಬರೆದಿದ್ದೇನೆ. ಅದು ಇಷ್ಟು ಕ್ರೂರವಾದ ಲೆಕ್ಕ ಎಂದು ಅಂದೇ ಗೊತ್ತಾದದ್ದು. ನಾನು ಹಲಗೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ, ಸೀಮೆಸುಣ್ಣದ ಧೂಳು ಎಂಬ ನೆಪ ನಮ್ಮ ವೃತ್ತಿಯಲ್ಲಿ ಯಾವಾಗಲೂ ಕೈಗೆ ಸಿಗುತ್ತದೆ.

ಕೆಲವು ದಿನ ಬಿಟ್ಟು ನೂರಜಹಾನಳ ಅಪ್ಪನ ನಂಬರಿಗೆ ಫೋನು ಹತ್ತಿತು. ಹಿಂದೆ ಕಲ್ಲು ಕೊಯ್ಯುವ ಯಂತ್ರದ ಸದ್ದು. ಹುಡುಗಿ ಕೇಳಿದ ಮೊದಲ ಮಾತು, "ನೀಲಿ ಏನ್ ಅಂದ್ಳು ಸರ? ಸರಿನೋ ಬೆಸನೋ?"

"ಇನ್ನೂ ಏನೂ ಹೇಳಿಲ್ಲವಾ. ಗಂಟೂ ಬಿಚ್ಚಿಲ್ಲ" ಎಂದೆ.

"ಹಂಗಾದ್ರ ಆಟ ಇನ್ನೂ ಅದ ಅಂತ ಹೇಳ್ರಿ" ಎಂದಳು. ಮಾರನೆಯ ದಿನ ನೀಲಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮತ್ತೆ ಹಚ್ಚಿದೆ. ಫೋನು ಹತ್ತಲಿಲ್ಲ. ಆಮೇಲೆ ಎಂದೂ ಹತ್ತಲಿಲ್ಲ.

ದಸರೆಯ ರಜೆ ಮುಗಿದ ಮೇಲೆ ಶಾಲೆ ಪೂರ್ತಿ ತೆರೆಯಿತು. ಸರಿಯವರು, ಬೆಸದವರು ಎಲ್ಲ ಒಂದೇ ದಿನ ಬಂದರು. ತರಗತಿಯ ಗದ್ದಲ ಕೇಳಿ ಮೇಡಂ ಕೂಡ ಬೈಯದೆ ನಗುತ್ತ ನಿಂತರು. ನೀಲಮ್ಮನ ಬೆಂಚಿಗೆ ಇನ್ನೊಬ್ಬಳನ್ನು ಕೂರಿಸಲು ಹೋದೆ. ಅವಳೇನೂ ಬೇಡವೆನ್ನಲಿಲ್ಲ, ಗೋಡೆಗೆ ಇನ್ನಷ್ಟು ಒತ್ತಿ ಕೂತು ನಡುವೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟಳು. ಹತ್ತನೆಯ ತರಗತಿ ಮುಗಿಯುವವರೆಗೂ ಬಿಟ್ಟಳು.

ಶಾಲೆ ಬಿಡುವ ದಿನ ಆ ಗಂಟನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು. "ಮನ್ಯಾಗ ಯಾರರ ಬಿಚ್ಚತಾರ್ರಿ ಸರ. ನಿಮ್ಮ ಹತ್ರ ಇರ್ಲಿ. ಆಕಿ ಬಂದ್ರ ಹೇಳ್ರಿ, ಪಾಳಿ ನಂದೇ ಅದ, ನಾ ಇನ್ನೂ ಹೇಳಿಲ್ಲ."

ಈಗ ಅದು ನನ್ನ ಮೇಜಿನ ಖಾನೆಯಲ್ಲಿ, ಸೀಮೆಸುಣ್ಣದ ಡಬ್ಬಿಯ ಹಿಂದೆ ಇದೆ. ಮಾಸ್ಕಿನ ಬಟ್ಟೆ ತೆಳುವಾಗಿ, ಒಳಗಿನ ಬೀಜಗಳು ಒಂದೊಂದೇ ಉಬ್ಬಿ ಕಾಣುತ್ತಿವೆ. ಗಣಿತದ ಮಾಸ್ತರನ ಬೆರಳು ಕೆಟ್ಟದ್ದು, ಒಮ್ಮೆ ಸವರಿದರೆ ಎಣಿಸಿಯೇಬಿಡುತ್ತದೆ. ಅದಕ್ಕೇ ಸುಣ್ಣದಕಡ್ಡಿ ಬೇಕಾದಾಗಲೆಲ್ಲ ಆ ಗಂಟಿಗೆ ತಾಗದ ಹಾಗೆ, ಕೈಯನ್ನು ಆಚೆಯ ಬದಿಯಿಂದ ಹಾಕಿ ತೆಗೆದುಕೊಳ್ಳುತ್ತೇನೆ.