ಗೆರೆಯ ಹಿಂದೆ ನಿಂತ ನೀಲವ್ವ

ನೀಲವ್ವಾ, ನಿನ್ನ ದನಿಯನ್ನು ಸಣ್ಣದು ಮಾಡಿದವನು ನಾನು. ಯಂತ್ರವಲ್ಲ, ನಿನ್ನ ಗಂಟಲೂ ಅಲ್ಲ — ನಿನ್ನ ಎದುರು ನಿಂತು ಹಾಡುತ್ತಿದ್ದ ಬಬಲೇಶ್ವರದ ಈ ಅಣ್ಣ.

ಹಾಡಿನ ಪೈಪೋಟಿಯಲ್ಲಿ ಗಂಡೇ ಹೆಚ್ಚೆಂದು ನಾನು ಹರದೇಶಿ ಹಾಡಬೇಕು, ಹೆಣ್ಣೇ ಹೆಚ್ಚೆಂದು ನೀನು ನಾಗೇಶಿಯಲ್ಲಿ ಜವಾಬು ಕೊಡಬೇಕು. ಕನಮಡಿಯಲ್ಲಾಗಲಿ, ನಿನ್ನ ಟಿಕೋಟದಲ್ಲಾಗಲಿ, ಕೊನೆಗೆ ಮಂದಿ ನಿನ್ನ ಕಡೆಗೇ ವಾಲುತ್ತಿದ್ದರು. ನಾನು ಶಾಭಾಸ್ ಎನ್ನುತ್ತಿದ್ದೆ — ಹೊಟ್ಟೆ ಉರಿಯುತ್ತಿತ್ತು.

ಯುದ್ಧ ಮುಗಿದ ಹೊಸದರಲ್ಲಿ ಗ್ರಾಮಫೋನಿನವರು ವಿಜಾಪುರಕ್ಕೆ ಬಂದರಲ್ಲ. ತಟ್ಟೆಯ ಒಂದು ಬದಿಗೆ ನನ್ನ ಸವಾಲು, ಇನ್ನೊಂದಕ್ಕೆ ನಿನ್ನ ಜವಾಬು. ಎರಡೂ ಸಮನಾಗಿ ಕೇಳಬೇಕು. ದನಿಯನ್ನು ಮೇಣದ ಅಚ್ಚಿನಲ್ಲಿ ಕೊರೆದ ಮೇಲೆ ಏರಿಸಲು, ಇಳಿಸಲು ಬಾರದು. ಅದಕ್ಕೇ ಆ ಮರಾಠಿ ಸಾಹೇಬರು ಮೊದಲೇ ದನಿ ನೋಡಿ, ದೊಡ್ಡ ದನಿಯವರನ್ನು ಮೈಕಿನಿಂದ ದೂರ, ಸಣ್ಣ ದನಿಯವರನ್ನು ಹತ್ತಿರ ನಿಲ್ಲಿಸಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು.

ದನಿ ನೋಡುವಾಗ ನೀನು ಬಯಲಲ್ಲಿ ನಿಂತಂತೆ ಕೂಗಿದೆ. ನಿನ್ನ ಗೆರೆ ಗೋಡೆಯ ಹತ್ತಿರ ಹೋಯಿತು. "ಪದ ಹಾಡುವಾಗಲೂ ಇವಳದು ಇಷ್ಟೇ ಜೋರೇ?" ಎಂದು ಅವರು ಮರಾಠಿಯಲ್ಲಿ ನನ್ನನ್ನು ಕೇಳಿದರು. ನಿನಗೆ ಆ ಭಾಷೆ ಬಾರದು. ನಿನ್ನ ಜವಾಬು ಮಗುವಿಗೆ ಬುದ್ಧಿ ಹೇಳಿದಷ್ಟು ಮೆಲ್ಲಗೆ, ಮಂದಿ ಮನಸೋಲುತ್ತಿದ್ದುದೇ ಅದಕ್ಕೆ — ನನಗೆ ಗೊತ್ತಿತ್ತು. ಆದರೂ ಹೌದೆಂದೆ. ನಿನ್ನ ಕಡೆ ತಿರುಗಿ, "ಗೆರಿ ದಾಟಬ್ಯಾಡ, ತಂಗಿ" ಎಂದೆ. ನೀನು ದಾಟಲಿಲ್ಲ; ಅಲ್ಲಿಂದಲೇ ಎಂದಿನಂತೆ ಮೆಲ್ಲಗೆ ಹಾಡಿದೆ. ಸಾಹೇಬರು ಹುಬ್ಬು ಗಂಟಿಕ್ಕಿದರು. ಆದರೆ ಅದೇ ಕೊನೆಯ ಮೇಣವಾಗಿತ್ತು, ಮತ್ತೊಮ್ಮೆ ಕೊರೆಯುವಂತಿರಲಿಲ್ಲ.

ತಟ್ಟೆ ಬಂದಾಗ ಜೈನಾಪುರದ ಗೌಡರ ಮನೆಯಲ್ಲಿ ಕೂಡಿ ಕೇಳಿದೆವು. ನನ್ನ ಸವಾಲು ಗುಡುಗಿತು. ನಿನ್ನ ಜವಾಬು ಪಕ್ಕದ ಮನೆಯಲ್ಲಿ ಯಾರೋ ಗೊಣಗಿದ ಹಾಗಿತ್ತು. ನಿನ್ನ ದನಿಯನ್ನು ನೀನು ಕೇಳಿದ್ದು ಅಂದೇ ಮೊದಲು.

"ಯಣ್ಣಾ, ನನ್ನ ದನಿ ಇಷ್ಟ ಸಣ್ಣದೇನು? ಮಂದಿ ನನ್ನ ಮಾರಿ ನೋಡಿ ಚಲೋ ಅಂತಿದ್ರೇನು?"

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು — "ಯಂತ್ರ ಯಾರ ಮಾರೀನೂ ನೋಡೂದಿಲ್ಲ, ತಂಗಿ."

ನೀನು ನಂಬಿದೆ. ಆಮೇಲೆ ಎಲ್ಲಿಯೂ ಹಾಡಲಿಲ್ಲ; ಮಗಳ ಮದುವೆಯಲ್ಲಿ ಸೋಬಾನಕ್ಕೂ ಬಾಯಿ ತೆರೆಯಲಿಲ್ಲವಂತೆ. ನಾನು ಹಾಡುತ್ತಲೇ ಇದ್ದೆ, ಗೆಲ್ಲುತ್ತಲೇ ಇದ್ದೆ — ಜವಾಬು ಕೊಡುವವರೇ ಇಲ್ಲದೆ.

ಬರುವ ಸೋಮವಾರ ಟಿಕೋಟಕ್ಕೆ ಬರುತ್ತೇನೆ. ನಿನ್ನ ಮಗಳು, ಸೊಸೆ, ಓಣಿಯವರು, ಎಲ್ಲರ ಮುಂದೆ ಇದನ್ನೇ ಹೇಳುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ. ನೀನು ಬೈಯುವುದಾದರೆ, ನೀಲವ್ವಾ — ಊರಿಗೆಲ್ಲ ಕೇಳುವಂತೆ ಬೈಯಿ.