ಈಶಾನ್ಯ ಮೂಲೆಯ ಬೆಳ್ಳಿ ಎಲೆ

ಮೊನ್ನೆ ಹುಟ್ಟಿ, ಆಸ್ಪತ್ರೆಯಿಂದ ಮನೆಗೆ ಬಂದ ಮೊಮ್ಮಗಳನ್ನು ಎತ್ತಿಕೊಂಡೆ. ಸಂತೋಷಕ್ಕೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕುಂತಲ್ಲಿ ಕೂರಲಾಗಲಿಲ್ಲ. ಕೂಸಿನ ಕಿವಿಯ ಮೇಲೆ ಬೆಳ್ಳಗೆ ಸಣ್ಣ ರೋಮ. ಕೆನ್ನೆ ತಾಗಿಸಿದೆ... ಪಕ್ಕದ ಮನೆಯ ಡಾಕ್ಟರಮ್ಮನ ಗಿಡದ ಎಲೆ ನೆನಪಾಗಿಬಿಟ್ಟಿತು.

ಧಾರವಾಡ ಬಿಟ್ಟು ಲಂಡನ್ನಿನ ಎಜ್‌ವೇರ್‌ಗೆ ಮಗನ ಮನೆಗೆ ಬಂದ ಹೊಸತರಲ್ಲಿ, ಬೇಲಿಯಾಚೆಯಿಂದ ಕನ್ನಡದಲ್ಲಿ ಮಾತಾಡಿಸಿದವರು ಅವರೊಬ್ಬರೇ. ಮೈಸೂರಿನವರು, ಆಸ್ಪತ್ರೆಯಿಂದ ರಿಟೈರ್ ಆಗಿದ್ದರು. ನಾನು ಸಾಲೆ ಅರ್ಧಕ್ಕೆ ಬಿಟ್ಟವಳು. ಆದರೂ ನಮ್ಮ ಮಾತು ಮುಗಿಯುತ್ತಿರಲಿಲ್ಲ. ಹಿತ್ತಲ ಮೂಲೆಯಲ್ಲಿ ಕಲ್ಲು ಪೇರಿಸಿ, ಸಂದಿಗೆ ಜಲ್ಲಿ ತುಂಬಿ, ಅವರು ಬೆಟ್ಟದ ಡೇಸಿ ಎಂಬ ಹೂಗಿಡ ಬೆಳೆಸಿದ್ದರು. ಬೆಳ್ಳಿ ಬಣ್ಣದ ಎಲೆ, ಮುಟ್ಟಿದರೆ ಉಣ್ಣೆ. ಹಿಮಕ್ಕೆ ಜಗ್ಗದ ಗಿಡ, ಮಳೆಗೆ ಮಾತ್ರ ಕೊಳೆಯುತ್ತಿತ್ತು. ಅದಕ್ಕೇ ಚಳಿಗಾಲವಿಡೀ ಮೇಲೊಂದು ಗಾಜು ಮುಚ್ಚಿಡುತ್ತಿದ್ದರು.

"ಸ್ವಲ್ಪ ನೀರ ಹಾಕ್ಲೇನ್ರಿ?" ಎಂದೆ ಒಮ್ಮೆ.

"ಅಯ್ಯೋ, ಕೊಂದ್ಬಿಡ್ತೀರ ಕಣ್ರೀ! ಇದಕ್ಕೆ ಉಪಚಾರ ಮಾಡಿದ್ರೆ ಆಗಲ್ಲ."

"ಹಂಗಾರ ನಮ್ಮ ಸೊಸಿ ಇದ್ದಂಗ ಬಿಡ್ರಿ."

ಇಬ್ಬರೂ ಬೇಲಿ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಡಾಕ್ಟರಮ್ಮನ ಮಗ ಸೊಸೆಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಬೆಂಗಳೂರಿನ ವಾಸ್ತುವಿನವನೊಬ್ಬ ಫೋನಿನಲ್ಲೇ ಮನೆ ನೋಡಿದ. ಈಶಾನ್ಯ ಮೂಲೆಯಲ್ಲಿ ಕಲ್ಲಿನ ಭಾರವಿದೆ, ಸಂತಾನಕ್ಕೆ ಅದೇ ಅಡ್ಡ, ತೆಗೆಸಿಬಿಡಿ ಎಂದ. ಆಗ ಗಿಡ ಮೊಗ್ಗು ಬಿಟ್ಟಿತ್ತು. ಹೂವಾಗುವ ತನಕ ತಡೆಯೋ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಮಗ ತಾಯಿಯ ಜೊತೆ ಮಾತೇ ಬಿಟ್ಟ.

"ಡಾಕ್ಟರಾಗಿ ನೀವೂ ಇದನ್ನ ನಂಬ್ತೀರೇನ್ರಿ?" ಎಂದೆ.

"ನಂಬಲ್ಲ ಕಣ್ರೀ. ಆದ್ರೆ ಕಲ್ಲು ಉಳಿಸ್ಕೊಂಡ್ರೆ, ಮಗು ಆಗದೇ ಇರೋದಕ್ಕೆ ನಾನೇ ಕಾರಣ ಆಗ್ಬಿಡ್ತೀನಿ."

ತಮ್ಮ ಕೈಯಾರೆ ಕಿತ್ತರು. ತಾಯಿಬೇರು ಕಲ್ಲುಗಳ ಕೆಳಗೆ ಆಳಕ್ಕೆ ಇಳಿದಿತ್ತು, ತುಂಡಾಯಿತು. ಕುಂಡಕ್ಕೆ ಹಾಕಿದರೂ ಮೊಗ್ಗು ಕಪ್ಪಾಗಿ... ಆಮೇಲೆ ಅವರು ಹಿತ್ತಲಿಗೆ ಬರುವುದನ್ನೇ ಬಿಟ್ಟರು. ಮರುವರ್ಷ ತೀರಿಕೊಂಡರು. ಆ ಮನೆಯಲ್ಲಿ ತೊಟ್ಟಿಲು ಮಾತ್ರ ತೂಗಲಿಲ್ಲ. ಮಗ ಈಗ ತಪ್ಪನ್ನು ಯಾರ ಮೇಲೆ ಹಾಕುತ್ತಾನೋ.

ಇವತ್ತು ಬೆಳಗ್ಗೆ, ಮೊಮ್ಮಗಳು ಬಂದಳೆಂದು ಯಾರಿಗಾದರೂ ಕೂಗಿ ಹೇಳಬೇಕೆನಿಸಿ ಹಿತ್ತಲಿಗೆ ಓಡಿದೆ. ಡಾಕ್ಟರಮ್ಮ ಎಲ್ಲಿದ್ದಾರೆ? ಆ ಬರಿದು ಮೂಲೆಯಲ್ಲಿ ಅವರ ಸೊಸೆ ಬಟ್ಟೆ ಒಣಹಾಕುತ್ತಿದ್ದಳು.

"ಏನ್ ಆಂಟಿ, ಎಲ್ಲ ಚೆನ್ನಾಗಿದೀರಾ?"

"ಹೂನವ್ವಾ" ಎಂದು, ಕೂಸಿನ ಸುದ್ದಿ ಎತ್ತದೆ ಮನೆಯತ್ತ ತಿರುಗಿದೆ.

ಅಷ್ಟರಲ್ಲಿ ನಮ್ಮ ಮನೆಯೊಳಗಿನಿಂದ ಕೂಸು ಚೀರಿತು. ಆಕೆ ಒದ್ದೆ ಬಟ್ಟೆಯ ಹಿಂದೆ ಸರಿದಳು.