ಕವರಿನ ಮೇಲಿನ ಇ-ಮೇಲ್

ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಸ್ಟುಡಿಯೋ ಅಂದರೆ ದೊಡ್ಡದೇನಲ್ಲ; ಒಂದು ನೀಲಿ ಪರದೆ, ಎರಡು ಲೈಟು, ಒಂದು ಹಳೇ ಕಂಪ್ಯೂಟರು, ದಾರ ಕಟ್ಟಿ ಬಾಚಣಿಗೆ ತೂಗುಬಿಟ್ಟ ಒಂದು ಕನ್ನಡಿ. ಮದುವೆ ಫೋಟೋಗಳೆಲ್ಲ ಡ್ರೋನ್ ಹಾರಿಸುವವರ ಪಾಲಾದ ಮೇಲೆ ನನಗೆ ಉಳಿದದ್ದು ಪಾಸ್‌ಪೋರ್ಟ್ ಸೈಜಿನ ಮುಖಗಳು ಮಾತ್ರ. ಆದರೂ ನನ್ನ ಫೋಟೋ ಕವರಿಗೆ ಈ ಸೀಮೆಯಲ್ಲಿ ಒಂದು ಮರ್ಯಾದೆ ಇದೆ. ದಪ್ಪ ಕಾಗದದ್ದು, ಬೇಗ ಹರಿಯುವುದಿಲ್ಲ. ಫೋಟೋ ಖಾಲಿಯಾದ ಮೇಲೂ ಜನ ಅದನ್ನು ಬಿಸಾಡುವುದಿಲ್ಲ. ಆಧಾರ್ ಜೆರಾಕ್ಸು, ರೇಷನ್ ಕಾರ್ಡು, ಪಹಣಿ ಎಲ್ಲ ಅದರಲ್ಲೇ ಇಟ್ಟುಕೊಳ್ಳುತ್ತಾರೆ. ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತವರ ಕಂಕುಳಲ್ಲಿ ನನ್ನ ಕವರು ಕಂಡಾಗಲೆಲ್ಲ ನನಗೆ ಒಳಗೊಳಗೇ ಜಂಬ ಬರುತ್ತಿತ್ತು.

ಆ ಕವರಿನ ಮೇಲೆ ಫೋನ್ ನಂಬರಿನ ಕೆಳಗೆ ಇ-ಮೇಲ್ ಅಚ್ಚು ಹಾಕಿಸಿದ್ದು ನನ್ನ ಮಗಳು. ಅಂಗಡಿಗೆ ಒಂದು ಗತ್ತು ಬರುತ್ತದೆ ಅಂದಳು. ಗತ್ತು ಬಂತೋ ಇಲ್ಲವೋ, ಸೀರೆಯ ಜಾಹೀರಾತುಗಳಂತೂ ರಾಶಿ ರಾಶಿ ಬಂದವು. ಯಾರಾದರೂ ಫೋನ್ ಮಾಡಿ ‘ಫೋಟೋ ಕಳ್ಸಿದೀನಿ, ಪ್ರಿಂಟ್ ತೆಗ್ದಿಡಿ’ ಅಂದಾಗ ಮಾತ್ರ ನಾನು ಅದನ್ನು ತೆರೆಯುತ್ತಿದ್ದೆ. ಉಳಿದಂತೆ ಅದು ಅದರ ಪಾಡಿಗೆ, ನಾನು ನನ್ನ ಪಾಡಿಗೆ ಇದ್ದೆವು.

ಹೋದ ಬೇಸಿಗೆಯಲ್ಲಿ ಹಾಗೇ ಯಾರದೋ ಫೋಟೋ ಹುಡುಕುತ್ತಿದ್ದಾಗ ಸೀರೆಗಳ ನಡುವೆ ಒಂದು ಮೇಲ್ ಸಿಕ್ಕಿತು. ಮಕ್ಕಳನ್ನು ದತ್ತು ಕೊಡಿಸುವ ಒಂದು ಜಾಲತಾಣದ್ದು. ‘ಪ್ರಿಯ ಅರ್ಜಿದಾರರೇ’ ಎಂದು ಶುರುವಾಗಿ, ಕೆಳಗೊಂದು ನೋಂದಣಿ ಸಂಖ್ಯೆ ಇತ್ತು. ಹೆಸರಿಲ್ಲ, ಊರಿಲ್ಲ. ನಿಮ್ಮ ಖಾತೆಯಲ್ಲಿ ಒಂದು ಮಗುವಿನ ವಿವರ ಹಾಕಿದ್ದೇವೆ, ನಾಳೆ ಸಂಜೆಯೊಳಗೆ ಒಪ್ಪಿಗೆ ತಿಳಿಸದಿದ್ದರೆ ಆ ಮಗುವಿನ ವಿವರವನ್ನು ಸರದಿಯಲ್ಲಿ ಮುಂದಿರುವವರಿಗೆ ಕಳಿಸುತ್ತೇವೆ ಎಂದಿತ್ತು. ನಾನು ಇಂಗ್ಲಿಷನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಓದುವವನು. ಎಷ್ಟು ಸಲ ಓದಿದರೂ ಅಷ್ಟೇ ಇತ್ತು. ನಾನು ತೆರೆಯದ ಖಾತೆ, ನನ್ನ ವಿಳಾಸದಲ್ಲಿ, ಒಂದು ಮಗುವಿನ ಸಮೇತ.

ನನ್ನ ಹೆಸರಿನಲ್ಲಿ ಯಾರೋ ಮಕ್ಕಳ ವ್ಯವಹಾರ ನಡೆಸುತ್ತಿದ್ದಾರೆ, ನಾಳೆ ಪೊಲೀಸರು ಬರುತ್ತಾರೆ, ಈ ನೀಲಿ ಪರದೆಯ ಮುಂದೆ ನನ್ನದೇ ಫೋಟೋ ತೆಗೆಸುತ್ತಾರೆ ಎಂದೆಲ್ಲ ಹೊಳೆಯಿತು. ಮೇಲ್‌ನ ಕೊನೆಯಲ್ಲಿ ಒಂದು ಸಾಲಿತ್ತು: ಈ ಖಾತೆ ನಿಮ್ಮದಲ್ಲದಿದ್ದರೆ ಇಲ್ಲಿ ಒತ್ತಿ, ನಿಮ್ಮ ವಿಳಾಸವನ್ನು ತೆಗೆದುಹಾಕುತ್ತೇವೆ. ಹೆಬ್ಬೆರಳನ್ನು ಅಲ್ಲಿಯವರೆಗೂ ತಂದೆ. ಆದರೆ ಗೊತ್ತಿಲ್ಲದ್ದನ್ನು ಕೇಳದೆ ಒತ್ತಬಾರದು ಎಂದು ಹೆಂಡತಿಯ ಆಜ್ಞೆಯಿದೆ. ಶಟರ್ ಅರ್ಧ ಎಳೆದು ಮನೆಗೆ ಹೋದೆ.

ಹೆಂಡತಿ ಫೋನನ್ನು ಕೈಯಳತೆ ದೂರ ಹಿಡಿದು ಓದಿದಳು. “ಎಂತ, ಈ ವಯಸ್ಸಲ್ಲಿ ಇನ್ನೊಂದು ಬೇಕಾಯ್ತಾ ನಿಮ್ಗೆ?” ಅಂದಳು.

“ತಮಾಷೆ ಬೇಡ ಮಾರಾಯ್ತಿ. ಪೊಲೀಸ್ರು ಬಂದ್ರೆ ನೀನೇ ಮಾತಾಡು.”

ಅವಳು ಬೀರುವಿನಿಂದ ಗ್ಯಾಸಿನ ಕಾಗದಗಳನ್ನು ಇಟ್ಟಿದ್ದ ಕವರು ತೆಗೆದು ನನ್ನ ಮುಂದೆ ಹಾಕಿದಳು. ನನ್ನದೇ ಕವರು. “ನಿಮ್ಮ ಇ-ಮೇಲನ್ನ ನೀವೇ ಊರಿಗೆಲ್ಲ ಹಂಚಿದೀರಿ. ಯಾರಿಗೋ ಇ-ಮೇಲ್ ಇಲ್ಲ, ಕೇಳ್ದಾಗ ಇದನ್ನೇ ತೋರ್ಸಿದಾರೆ. ಇಷ್ಟು ಗೊತ್ತಾಗಲ್ವಾ?”

ಗೊತ್ತಾಗಿದ್ದೇ ಪೊಲೀಸರ ಹೆದರಿಕೆ ಹೋಯಿತು, ಅದರ ಜಾಗಕ್ಕೆ ಇನ್ನೂ ಕೆಟ್ಟದ್ದೊಂದು ಬಂತು: ಮಗುವಿನ ಸುದ್ದಿ ಆ ಅರ್ಜಿದಾರರಿಗೆ ತಲುಪಿಯೇ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಸಮಾಧಾನದಿಂದಲೇ ಹೇಳಿದಳು, ಅರ್ಜಿದಾರರ ವಿವರ ಹೊರಗಿನವರಿಗೆ ಕೊಡುವಂತಿಲ್ಲ, ಅವರು ಕೊಟ್ಟಿದ್ದ ಮೊಬೈಲು ಸ್ವಿಚ್ ಆಫ್ ಬರುತ್ತಿದೆ. ನಮ್ಮ ಕಡೆ ಅದೇನೂ ಆಶ್ಚರ್ಯವಲ್ಲ. ಟವರ್ ಸಿಗದೆ ಜನ ಅಂಗಿ ಬದಲಿಸಿದ ಹಾಗೆ ಸಿಮ್ ಬದಲಿಸುತ್ತಾರೆ. ಅಲ್ಲಿಗೆ, ಆ ಗಂಡಹೆಂಡತಿಗೂ ಆ ಮಗುವಿಗೂ ನಡುವೆ ಉಳಿದದ್ದು ನಾನೊಬ್ಬನೇ.

ಅದೇ ಜಾಲತಾಣದಿಂದ ಬಂದ ಹಳೆಯ ಮೇಲ್‌ಗಳನ್ನು ಹುಡುಕಿದೆ. ಒಂದನ್ನೂ ನಾನು ತೆರೆದಿರಲಿಲ್ಲ. ಮೂರು ಮಳೆಗಾಲದ ಹಿಂದೆ ನೋಂದಣಿ. ಆಮೇಲೆ, ದಂಪತಿ ಒಟ್ಟಿಗಿರುವ ಫೋಟೋ ತಲುಪಿದೆ. ಆಮೇಲೆ, ಮನೆ ನೋಡಲು ಬಂದವರ ವರದಿ ಒಪ್ಪಿಗೆಯಾಗಿದೆ. ಆಮೇಲೆ, ಹೋದ ವರ್ಷ, ಇವತ್ತಿನದರ ಹಾಗೆಯೇ ಇನ್ನೊಂದು. ಒಂದು ಮಗುವಿನ ವಿವರ ಹಾಕಿದ್ದೇವೆ, ನಾಳೆ ಸಂಜೆಯೊಳಗೆ ತಿಳಿಸಿ. ಅದರ ಬೆನ್ನಿಗೇ ಮತ್ತೊಂದು: ನಿಮ್ಮಿಂದ ಉತ್ತರ ಬಾರದ ಕಾರಣ ನಿಮ್ಮ ಸರದಿಯನ್ನು ಹಿಂದಕ್ಕೆ ಹಾಕಲಾಗಿದೆ.

ಆವತ್ತು ನನಗೆ ಊಟ ಸೇರಲಿಲ್ಲ. ಹೆಂಡತಿಯೂ ಬಡಿಸಿಕೊಂಡದ್ದನ್ನು ಹಾಗೇ ಮುಚ್ಚಿಟ್ಟಳು.

ಹುಡುಕುವುದು ಹೇಗೆ? ವಾಟ್ಸಾಪ್ ಗುಂಪಿಗೆ ಹಾಕುವ ವಿಷಯವೇ ಇದು? ಮದುವೆಯಾಗಿ ವರ್ಷ ತುಂಬುವುದರೊಳಗೆ ‘ಎಂತಾದ್ರೂ ವಿಶೇಷ ಉಂಟಾ’ ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುವ ಊರು ನಮ್ಮದು. ನೀವೇನು ದತ್ತು ಮಗುವಿಗೆ ಅರ್ಜಿ ಹಾಕಿದ್ದೀರಾ ಎಂದು ತಪ್ಪಿ ಬೇರೆ ಮನೆಯಲ್ಲಿ ಕೇಳಿದರೆ ಅವರು ಜನ್ಮದಲ್ಲಿ ನನ್ನ ಮುಖ ನೋಡಲಿಕ್ಕಿಲ್ಲ. ಸರಿಯಾದ ಮನೆಯಲ್ಲೇ ಕೇಳಿದರೂ ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಅವರು ಮೂರು ವರ್ಷ ಬಚ್ಚಿಟ್ಟದ್ದು ಬೀದಿಗೆ ಬಿದ್ದ ಹಾಗೆ.

ಒಂದೇ ಒಂದು ಹಿಡಿ ಸಿಕ್ಕಿದ್ದು ಆ ಫೋಟೋ. ನನ್ನ ಕವರು ಅವರ ಕೈಯಲ್ಲಿತ್ತು ಅಂದರೆ ಫೋಟೋ ತೆಗೆದದ್ದೂ ನಾನೇ ಇರಬೇಕು. ಅಂಗಡಿಗೆ ವಾಪಸು ಬಂದು ನೋಂದಣಿಯಾದ ತಿಂಗಳ ಫೋಟೋಗಳನ್ನು ತೆರೆದೆ. ಗಂಡಹೆಂಡತಿ ಇಬ್ಬರೇ ಬಂದು ಫೋಟೋ ತೆಗೆಸುವುದು ಈಗ ಎಲ್ಲಿದೆ? ಹೊಸದಾಗಿ ಮದುವೆಯಾದ ಒಂದು ಜೋಡಿ, ಅರವತ್ತರ ಶಾಂತಿ ಮಾಡಿಸಿಕೊಂಡ ಒಂದು ಜೋಡಿ. ಮೂರನೆಯದು ಕಂಡ ಕೂಡಲೇ ನೆನಪಾಯಿತು. ಹೆಂಡತಿ ಬಿಗಿದ ಮುಖದಲ್ಲಿ ನಿಂತಿದ್ದಳು, ಗಂಡ “ಇನ್ನೊಂದ್ ತೆಗೀರಿ, ನಗ್ತಾ ಇದ್ರೆ ಒಳ್ಳೇದಂತೆ” ಅಂದಿದ್ದ. “ಯಾರ್ ಹೇಳಿದ್ದು ಮಾರಾಯ್ರೆ?” ಎಂದು ನಾನು ಛೇಡಿಸಿದ್ದೆ. ಅವನು ಬಾಚಣಿಗೆ ಹಿಡಿದು ಕನ್ನಡಿಯ ಕಡೆ ತಿರುಗಿದ್ದ. ನಾನು ಫೋಟೋಗಳನ್ನು ಹೆಸರಿನಿಂದಲ್ಲ, ಊರಿನಿಂದ ಇಟ್ಟುಕೊಳ್ಳುವವನು. ಇದರ ಮೇಲೆ ಕವಲೇದುರ್ಗ ಎಂದಿತ್ತು.

ಮರುದಿನ ಬೆಳಿಗ್ಗೆ ಆ ಫೋಟೋದ ಒಂದು ಪ್ರಿಂಟ್ ತೆಗೆದು ಹೊಸ ಕವರಿಗೆ ಹಾಕಿ ಸ್ಕೂಟರ್ ಹತ್ತಿದೆ. ಕವಲೇದುರ್ಗದ ಕೋಟೆಯ ಕೆಳಗೆ, ಪ್ರವಾಸಿಗರಿಗೆ ಸೌತೆಕಾಯಿ ಹೆಚ್ಚಿ ಕೊಡುವ ಅಂಗಡಿಯಲ್ಲಿ ಫೋಟೋ ತೋರಿಸಿದೆ.

“ಎಂತ ವಿಷ್ಯ?” ಅಂದ ಅಂಗಡಿಯವ.

“ಕಾಪಿ ಒಂದು ಬಾಕಿ ಇತ್ತು, ಕೊಟ್ಟು ಹೋಗಣ ಅಂತ.”

“ಓ, ಆ ಮಕ್ಕಳಿಲ್ದೋರ ಮನೆಯಾ. ಮುಂದೆ ಎಡಕ್ಕೆ ಹೋಗಿ, ಹಸಿರು ಗೇಟು.” ಗೇಟಿನ ಬಣ್ಣ ಹೇಳಿದಷ್ಟೇ ಸಲೀಸಾಗಿ ಅದನ್ನೂ ಹೇಳಿದ. ನನಗೆ ಅವನ ಮೇಲೆ ಸಿಟ್ಟು ಬಂತು. ಆದರೆ ನಾನು ಹುಡುಕುತ್ತಿದ್ದ ಮನೆ ಅದೇ ಎಂದು ಗೊತ್ತಾದದ್ದೂ ಅವನಿಂದಲೇ.

ಅಂಗಳದಲ್ಲಿ ಹಪ್ಪಳ ಒಣಗುತ್ತಿತ್ತು. ಅತ್ತೆ ಇರಬೇಕು, ವಯಸ್ಸಾದ ಹೆಂಗಸೊಬ್ಬರು ಪಕ್ಕದ ಮನೆಯವರ ಜೊತೆ ಮಾತಾಡುತ್ತ ಕೂತಿದ್ದರು. ಫೋಟೋದಲ್ಲಿದ್ದ ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗಂಡ ಸಾಗರದ ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ ಎಂದು ಗೊತ್ತಾಯಿತು. ದಾರಿಯಲ್ಲಿ ಹೊಸೆದುಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ಕವರು ಕೊಟ್ಟು ಕೇಳಿದೆ, “ಇಂಥದ್ದೇ ಹಳೇದೊಂದು ಇತ್ತಲ್ಲ ನಿಮ್ಮತ್ರ, ಉಂಟಾ ಇನ್ನೂ?”

“ಉಂಟು.”

“ಅದ್ರ ಮೇಲಿರೋ ಇ-ಮೇಲನ್ನ ಬೇರೆ ಎಲ್ಲಾದ್ರೂ ಬರ್ಸಿದ್ರಾ?”

ಆಕೆ ಕವರನ್ನು ತಟ್ಟನೆ ಸೆರಗಿನ ಮರೆಗೆ ಎಳೆದುಕೊಂಡಳು. ಅತ್ತೆಯ ಕಡೆ ತಿರುಗಿ, “ಇವ್ರಿಗೆ ಬಸ್ಸಿನ ದಾರಿ ತೋರ್ಸಿ ಬರ್ತೀನಿ” ಅಂದಳು. ಅತ್ತೆ ಒಮ್ಮೆ ನನ್ನನ್ನೂ ಒಮ್ಮೆ ಅಂಗಳದಲ್ಲಿ ನಿಲ್ಲಿಸಿದ್ದ ನನ್ನ ಸ್ಕೂಟರನ್ನೂ ನೋಡಿದರು.

ರಸ್ತೆಯ ತಿರುವಿನಲ್ಲಿ, ಟವರ್ ಸಿಗುವ ಒಂದು ಬಂಡೆಯ ಹತ್ತಿರ ನಿಂತೆವು. ಆಕೆ ಗಡಿಬಿಡಿಯಲ್ಲಿ ಹೇಳಿದಳು: “ಹೊಸನಗರದಲ್ಲಿ ಬರ್ಸಿದ್ರೆ ಎಲ್ರಿಗೂ ಗೊತ್ತಾಗ್ತದೆ ಅಂತ ತೀರ್ಥಹಳ್ಳಿಗೆ ಹೋಗಿದ್ವಿ. ಕಂಪ್ಯೂಟರಿನೋರು ಇ-ಮೇಲ್ ಕೇಳಿದ್ರು, ನಮ್ಮತ್ರ ಇರ್ಲಿಲ್ಲ. ನಿಮ್ಮ ಕವರ್ ಮೇಲಿತ್ತು, ಅದನ್ನೇ ಹಾಕ್ಸಿದ್ವಿ. ಸರದಿ ಬಂದ್ರೆ ಅವ್ರೇ ತಿಳಿಸ್ತಾರೆ ಅಂದಿದ್ರು. ದಿನಾ ನೋಡ್ತಾ ಕೂತ್ರೆ ತಲೆ ಕೆಡ್ತದೆ ಅಂತ ನಾವು ನೋಡೋಕೇ ಹೋಗ್ಲಿಲ್ಲ.”

“ಬಂದಿದೆ. ಇವತ್ತು ಸಂಜೆಯೊಳಗೆ ಹೇಳ್ಬೇಕಂತೆ.”

ನನ್ನ ಫೋನು ಕೊಟ್ಟೆ. ಪಾಸ್‌ವರ್ಡು ಆಕೆಗೆ ಬಾಯಿಪಾಠವಾಗಿತ್ತು. ನಾನು ಕೋಟೆಯ ಕಡೆ ಮುಖ ಮಾಡಿ ನಿಂತೆ. ಸ್ವಲ್ಪ ಹೊತ್ತಿಗೆ “ಹುಡುಗಿ” ಅಂದಳು, ನನಗಲ್ಲ. ಅಷ್ಟಕ್ಕೇ ಮುಗಿಯಲಿ ದೇವರೇ ಅಂದುಕೊಂಡೆ. ಮುಗಿಯಲಿಲ್ಲ.

“ಅಣ್ಣಾ, ಇದೆಂತದು? ಕೆಳಗೆ ಇನ್ನೊಂದು ಉಂಟು. ಹೋದ ವರ್ಷದ್ದು. ಉತ್ತರ ಬಂದಿಲ್ಲ ಅಂತ ಹಾಕಿದಾರೆ.”

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. “ಅದೂ ನಂಗೇ ಬಂದಿತ್ತು. ನಾನು ನೋಡಿರ್ಲಿಲ್ಲ” ಅಂದೆ.

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಫೋನನ್ನೇ ನೋಡುತ್ತ, “ಆ ಮಗು ಈಗ ನಡೀತಾ ಇರ್ಬೋದು” ಅಂದಳು.

ಆಮೇಲೆ ಗಂಡನಿಗೆ ಫೋನ್ ಮಾಡಿದಳು. ಮಂಡಿಯ ಗದ್ದಲ ನನಗೂ ಕೇಳಿಸುತ್ತಿತ್ತು. ಅದರ ನಡುವೆಯೇ ಅವನ ದನಿ ಬಂತು: “ಒತ್ತು. ನಾ ಈಗ್ಲೇ ಬಸ್ ಹತ್ತೀನಿ.” ಆಕೆ ಸೆರಗಿನಿಂದ ಬೆರಳು ಒರೆಸಿಕೊಂಡು ಒತ್ತಿದಳು.

ಅವತ್ತಿನಿಂದ ನಾನು ಶಟರ್ ಎತ್ತಿದ ಕೂಡಲೇ, ದೇವರಿಗೆ ಊದುಬತ್ತಿ ಹಚ್ಚುವುದಕ್ಕೂ ಮೊದಲು ಮೇಲ್ ನೋಡುತ್ತೇನೆ. ಸೀರೆಯ ಜಾಹೀರಾತನ್ನೂ ಬಿಡದೆ ಓದುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟು ಬೀರುಗಳಲ್ಲಿ ನನ್ನ ಕವರುಗಳಿವೆಯೋ, ಯಾರು ಯಾವ ಕಂಪ್ಯೂಟರಿನ ಮುಂದೆ ಅದನ್ನು ತೋರಿಸಿದ್ದಾರೋ ಯಾರಿಗೆ ಗೊತ್ತು. ಜಂಬವಂತೂ ಹೋಯಿತು. ಸಾಲಿನಲ್ಲಿ ನಿಂತವರ ಕಂಕುಳಲ್ಲಿ ಆ ಕವರು ಕಂಡರೆ ಈಗ ಅಲ್ಲೇ ಫೋನು ತೆಗೆದು ಇನ್ನೊಮ್ಮೆ ಮೇಲ್ ನೋಡುತ್ತೇನೆ.

ದೀಪಾವಳಿ ಕಳೆದ ಮೇಲೆ ಅವರು ಅಂಗಡಿಗೆ ಬಂದರು, ಮೂವರು. ಮಗು ಲೈಟಿಗೆ ಹೆದರಿ ಅತ್ತಿತು, ಬಾಚಣಿಗೆ ಕೊಟ್ಟ ಮೇಲೆ ಸುಮ್ಮನಾಯಿತು. ಈ ಸಲ ಆಕೆಗೆ ನಗು ಎಂದು ಯಾರೂ ಹೇಳಬೇಕಾಗಲಿಲ್ಲ. ಪ್ರಿಂಟ್ ತೆಗೆದು ಕವರಿಗೆ ಹಾಕಿ ಕೊಟ್ಟೆ. ಆಕೆ ಕವರನ್ನು ಮೇಜಿನ ಮೇಲಿಟ್ಟು, ನನ್ನ ಪೆನ್ನು ತೆಗೆದುಕೊಂಡು, ಫೋನ್ ನಂಬರಿನ ಕೆಳಗಿದ್ದ ಇ-ಮೇಲನ್ನು ಅಕ್ಷರ ಕಾಣದ ಹಾಗೆ ಗೀಚಿ ಅಳಿಸಿದಳು.

“ತಪ್ಪು ತಿಳ್ಕೋಬೇಡಿ ಅಣ್ಣಾ” ಅಂದಳು. ಮಗು ಕೈ ಚಾಚುವುದರೊಳಗೆ ಕವರನ್ನು ಮಡಚಿ ಬ್ಯಾಗಿನ ಒಳಗೆ ಹಾಕಿಕೊಂಡಳು.